ಮಗುವಿನ ಕೈಗೆ ಬೀಡಿಯ ಕಟ್ಟು



ಸಂಜೆಯ ಹೊತ್ತು. ತೋಟದ ಕೆಲಸ ಮುಗಿಸಿ ಬಂದ ತಂದೆ ಜಗುಲಿಯ ಮೇಲೆ ಕುಳಿತು ಏಳೆಂಟು ವರ್ಷದ ಮಗನನ್ನು ಕರೆಯುತ್ತಾನೆ. "ಅಂಗಡಿಗೆ ಓಡಿ ಹೋಗಿ ಒಂದು ಕಟ್ಟು ಬೀಡಿ ತಾ ಅಪ್ಪಾ. ಉಳಿದ ಚಿಲ್ಲರೆಗೆ ಮಿಠಾಯಿ ತೊಗೋ." ಮಗು ಓಡುತ್ತದೆ. ಬರುವಾಗ ಒಂದು ಕೈಯಲ್ಲಿ ಬೀಡಿ, ಬಾಯಲ್ಲಿ ಮಿಠಾಯಿ. ಅನ್ನೂರು, ಅವಿನಾಶಿ, ಪಲ್ಲಡಂ, ಉಡುಮಲೈಪೇಟೆ ಕಡೆಯ ಹಳ್ಳಿಗಳಲ್ಲಿ ಇದು ಯಾರೂ ಕಾಣದ ನೋಟವಲ್ಲ.

ಇದರಲ್ಲಿ ತಪ್ಪೇನಿದೆ? ತಂದೆ ದುಡಿದ ಹಣವನ್ನೇ ಕೊಟ್ಟಿದ್ದಾನೆ. ಮಗು ಹಿರಿಯರ ಮಾತು ಕೇಳಿದೆ. ಅಂಗಡಿಯವರು ಚಿಲ್ಲರೆಯಲ್ಲಿ ಮೋಸ ಮಾಡಿಲ್ಲ. ಆದರೂ ಈ ಮೂವರ ನಡುವೆ ಏನೋ ಒಂದು ಕೆಟ್ಟದ್ದು ನಡೆದುಹೋಗಿದೆ. ಅದು ಏನು, ಅದರ ಹೊಣೆ ಯಾರದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಈ ಮಾತನ್ನು ನಾನು ಎತ್ತರದಲ್ಲಿ ನಿಂತು ಹೇಳುತ್ತಿಲ್ಲ. ಬಾಲ್ಯದಲ್ಲಿ ನಾನೂ ಅಂಥ ಮಗುವಾಗಿದ್ದೆ. ಮುಂದೆ ಅಂಥ ತಂದೆಯೂ ಆದೆ. ಒಮ್ಮೆ ಮಗಳ ಹಲ್ಲುನೋವಿಗೆಂದು ಅವಳನ್ನು ದಂತವೈದ್ಯರ ಬಳಿ ಕರೆದೊಯ್ದಿದ್ದೆ. ಅವರು ಅವಳ ಬಾಯಿ ನೋಡಿದರು, ಆಮೇಲೆ ನನ್ನ ಮುಖ ನೋಡಿ, "ಮನೆಯೊಳಗೆ ಸೇದುತ್ತೀರಾ?" ಎಂದು ಕೇಳಿದರು. "ಸೇದುವವನು ನಾನು, ಅವಳ ಹಲ್ಲಿಗೂ ಅದಕ್ಕೂ ಏನು ಸಂಬಂಧ?" ಎಂದೆ. "ಆಕೆಯ ಮೂಗು ನಿಮ್ಮ ಮನೆಯಲ್ಲೇ ಇದೆಯಲ್ಲವೇ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

"ನನ್ನ ದೇಹ, ನನ್ನ ದುಡ್ಡು, ನಿಮಗೇನು?" ಎಂಬುದು ಸೇದುವವರ ಮೊದಲ ವಾದ. ಹೊಗೆಗೆ ಗೋಡೆಯೂ ಇಲ್ಲ, ಬೇಲಿಯೂ ಇಲ್ಲ. ಜಪಾನಿನ ಹಿರಾಯಾಮಾ ಎಂಬ ಸಂಶೋಧಕರು ತಾವು ಸೇದದ 91,540 ಗೃಹಿಣಿಯರನ್ನು 14 ವರ್ಷಗಳ ಕಾಲ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡ ಹೆಚ್ಚು ಸೇದುವ ಮನೆಗಳಲ್ಲಿ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತ್ತು. ಹೊಗೆ ತುಂಬಿದ ಮನೆಯ ಮಕ್ಕಳಿಗೆ ಉಬ್ಬಸ, ಕಿವಿ ಸೋರುವಿಕೆ, ಎದೆಯ ಸೋಂಕು ಹೆಚ್ಚೆಂಬುದು ಇಂದು ವೈದ್ಯರೆಲ್ಲರೂ ಒಪ್ಪಿದ ಮಾತು. ನಮ್ಮ ಕೊಯಮತ್ತೂರಿನಿಂದ ವಾಳಯಾರು ದಾಟಿದರೆ ಕೇರಳ. ಅಲ್ಲಿಯ ಹೈಕೋರ್ಟು 1999ರಲ್ಲಿಯೇ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅದೇ ಮಾತು ಹೇಳಿತು. ಬಸ್ಸಿನಲ್ಲಿ ಕುಳಿತ ಅಪರಿಚಿತನಿಗೆ ಕಾನೂನು ಕೊಟ್ಟ ಈ ರಕ್ಷಣೆಯನ್ನು ನಮ್ಮ ಮಕ್ಕಳಿಗೆ ಮನೆಯೊಳಗೆ ಕೊಡಬೇಕಾದವರು ಯಾರು? ಮನೆಯ ಬಾಗಿಲಿಗೆ ಪೊಲೀಸರು ಬರುವುದಿಲ್ಲ. ಅಲ್ಲಿ ತಂದೆಯ ಮನಸ್ಸಾಕ್ಷಿಯೇ ಕಾನೂನು.

ಇನ್ನು ಹಲ್ಲಿನ ಮಾತು. ಅಮೆರಿಕದಲ್ಲಿ 4ರಿಂದ 11 ವರ್ಷದ 3,531 ಮಕ್ಕಳ ಹಲ್ಲು ಮತ್ತು ರಕ್ತವನ್ನು ಪರೀಕ್ಷಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಬೇರೆಯವರ ಹೊಗೆಯ ಕುರುಹು ರಕ್ತದಲ್ಲಿ ಹೆಚ್ಚಿದ್ದ ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕೂ ಹೆಚ್ಚಿತ್ತು. ಶಾಶ್ವತ ಹಲ್ಲುಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಹೊಗೆಯೊಂದರಿಂದಲೇ ಹಲ್ಲು ಹುಳುಕಾಗುತ್ತದೆ ಎಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಹುಳುಕಿನ ಮುಖ್ಯ ಕಾರಣ ಸಕ್ಕರೆಯೇ. ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯನ್ನು ತಿಂದು ಹುಳಿಯನ್ನು ಉಂಟುಮಾಡುತ್ತವೆ. ಆ ಹುಳಿ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ಈಗ ಆ ಚಿಲ್ಲರೆಯ ಮಿಠಾಯಿಯನ್ನು ನೆನೆಯಿರಿ. ತಂದೆಯ ಒಂದೇ ನೋಟಿನಿಂದ ಮನೆಗೆ ಹೊಗೆಯೂ ಬಂತು, ಮಗುವಿನ ಬಾಯಿಗೆ ಸಕ್ಕರೆಯೂ ಬಂತು.

"ಹಾಲುಹಲ್ಲು ತಾನೇ, ಬಿದ್ದು ಹೋಗುತ್ತದೆ" ಎನ್ನುವವರಿದ್ದಾರೆ. ಹಾಲುಹಲ್ಲುಗಳು 20. ಮುಂದೆ ಬರುವ ಹಲ್ಲಿಗೆ ಜಾಗ ಕಾಯುವವು ಅವೇ. ಕಾಲಕ್ಕೆ ಮೊದಲೇ ಒಂದು ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಹೊಸ ಹಲ್ಲು ಸೊಟ್ಟಗೆ ಬರಬಹುದು. ಇನ್ನೊಂದು ಮಾತು ತಾಯಂದಿರು ಗಮನಿಸಬೇಕು. ಸುಮಾರು 6ನೇ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿದು ಅಲಕ್ಷಿಸುತ್ತೇವೆ. ಅದು ಬದುಕಿನುದ್ದಕ್ಕೂ ಇರಬೇಕಾದ ಹಲ್ಲು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಮುದುಕರಿಗಾಗಿ ಹುಟ್ಟಿತು. ನಮ್ಮ ಮಕ್ಕಳಿಗೆ ಹತ್ತು ವರ್ಷಕ್ಕೇ ಅದು ಅನ್ವಯಿಸಬಾರದು.

ಹಲ್ಲುಜ್ಜುವ ಹೆಸರಿನಲ್ಲಿಯೇ ತಂಬಾಕು ಮನೆ ಸೇರಿದ ಕಾಲವೂ ಇತ್ತು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು. ಆದರೂ ಹಲ್ಲುನೋವಿಗೆ ಹೊಗೆಸೊಪ್ಪು ಒತ್ತಿಕೊಂಡರೆ ಆರಾಮ ಎನ್ನುವ ಹಿರಿಯರು ಇದ್ದಾರೆ. ಆರಾಮವಲ್ಲ, ಅದು ಚಟದ ಮೊದಲ ಮೆಟ್ಟಿಲು. ಸೇದುವವರ ಒಸಡಿನಲ್ಲಿ ರೋಗವಿದ್ದರೂ ರಕ್ತ ಕಡಿಮೆ ಬರುವುದರಿಂದ ರೋಗ ಮರೆಯಲ್ಲಿಯೇ ಬೆಳೆಯುತ್ತದೆ.

"ನಮ್ಮ ತಾತ ಎಂಬತ್ತು ವರ್ಷ ಸೇದಿಯೂ ಗಟ್ಟಿಯಾಗಿದ್ದರು" ಎಂಬುದು ಎರಡನೆಯ ವಾದ. ಬಾವಿಯ ಅಂಚಿನಲ್ಲಿ ಆಡಿದ ಮಕ್ಕಳೆಲ್ಲರೂ ಬಾವಿಗೆ ಬೀಳುವುದಿಲ್ಲ. ಹಾಗೆಂದು ನಾವು ಬಾವಿಗೆ ಕಟ್ಟೆ ಕಟ್ಟದೆ ಬಿಡುತ್ತೇವೆಯೇ?

ಇನ್ನು ವ್ಯಾಪಾರಿ ಬಂಧುಗಳ ಮಾತು. "ನಾನು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ" ಎನ್ನುತ್ತಾರೆ. 18 ತುಂಬದವರಿಗೆ ತಂಬಾಕು ಮಾರಬಾರದೆಂದು 2003ರ ಕಾನೂನು ಹೇಳುತ್ತದೆ. ಶಾಲೆಯಿಂದ 100 ಗಜದೊಳಗೆ ಮಾರುವಂತೆಯೇ ಇಲ್ಲ. ಮಗುವಿನ ಕೈಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಎಂದು 2015ರ ಬಾಲನ್ಯಾಯ ಕಾಯ್ದೆ ವಿಧಿಸಿದೆ. ಕಾನೂನಿನ ಭಯ ಹಾಗಿರಲಿ. ತೂಕದಲ್ಲಿ ಮೋಸ ಮಾಡದಿರಲು ನಾವು ಪಕ್ಕದ ಅಂಗಡಿಯವನ ಒಪ್ಪಿಗೆ ಕೇಳುವುದಿಲ್ಲ. ಅವನು ಮೋಸ ಮಾಡಿದರೂ ನಮ್ಮ ತಕ್ಕಡಿ ನೆಟ್ಟಗಿರುತ್ತದೆ. ಅದಕ್ಕಾಗಿಯೇ ದುಡಿಮೆಯನ್ನು ಕಾಯಕವೆಂದು ಕರೆಯುತ್ತೇವೆ. ಮಗು ಬೀಡಿ ಕೇಳಿದಾಗ "ಅಪ್ಪನನ್ನೇ ಬರಹೇಳು ಕಂದಾ" ಎಂದು ಕಳಿಸಿದರೆ ಒಂದು ಕಟ್ಟಿನ ಲಾಭ ಹೋಗಬಹುದು. ಅಂಗಡಿಯ ಮರ್ಯಾದೆ ಹೋಗುವುದಿಲ್ಲ.

ಆದರೆ ದೊಡ್ಡ ಹೊಣೆ ತಂದೆಯದೇ. ಬೆಳಿಗ್ಗೆ ಮಗುವಿಗೆ "ಹಲ್ಲುಜ್ಜು" ಎಂದು ಗದರಿ, ಸಂಜೆ ಅದೇ ಮಗುವನ್ನು ಬೀಡಿಗೆ ಕಳಿಸುವುದು ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬಂತಾಯಿತು. ನಾವು ಕಳಿಸಿದ ಮಗುವಿಗೆ ಅಂಗಡಿಯ ದಾರಿ, ಕಟ್ಟಿನ ಬೆಲೆ, ಬೆಂಕಿಪೊಟ್ಟಣದ ಜಾಗ ಎಲ್ಲ ಗೊತ್ತಾಗಿಬಿಟ್ಟಿದೆ. ಮುಂದೊಂದು ದಿನ ಅವನು ತನಗಾಗಿಯೇ ಕೊಂಡರೆ "ಯಾರು ಕಲಿಸಿದರು?" ಎಂದು ಯಾವ ಬಾಯಿಯಿಂದ ಕೇಳುವುದು? ದೇಹವನ್ನೇ ದೇವಾಲಯವೆಂದು ಕಂಡ ಶರಣರ ಮಕ್ಕಳು ನಾವು. ನಮ್ಮ ದೇಗುಲದ ಮಾತು ಹಾಗಿರಲಿ, ಮಗುವಿನ ದೇಗುಲಕ್ಕೆ ಮಸಿ ಹಚ್ಚುವ ಹಕ್ಕು ನಮಗಿಲ್ಲ.

ಬಿಡುವುದು ಸುಲಭವಲ್ಲ, ಅನುಭವಿಸಿಯೇ ಹೇಳುತ್ತೇನೆ. ಮೊದಲ ವಾರ ಬಲು ಕಷ್ಟ. ಸಿಡುಕು, ನಿದ್ದೆಗೇಡು ಬರುತ್ತವೆ. ಸೇದಬೇಕೆಂಬ ಆಸೆ ಎದ್ದಾಗ ನೀರು ಕುಡಿದು ನಾಲ್ಕು ಹೆಜ್ಜೆ ನಡೆದರೆ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಮೂರು ನಾಲ್ಕು ವಾರಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಸಹಾಯ ಬೇಕಾದವರಿಗೆ 1800-11-2356 ಎಂಬ ಶುಲ್ಕವಿಲ್ಲದ ದೂರವಾಣಿ ಇದೆ.

ಪೂರ್ತಿ ಬಿಡಲು ಇಂದೇ ಆಗದವರು ಮೂರು ಸಂಕಲ್ಪಗಳನ್ನಾದರೂ ಮಾಡಲಿ. ಮನೆಯೊಳಗೆ, ಮಕ್ಕಳ ಎದುರು ಸೇದುವುದಿಲ್ಲ. ಮಗುವನ್ನು ಬೀಡಿಗೆ ಕಳಿಸುವುದಿಲ್ಲ. ರಾತ್ರಿ ಮಲಗುವ ಮುನ್ನ ಮಗುವಿನ ಪಕ್ಕದಲ್ಲಿ ನಿಂತು, ಕಡಲೆಕಾಳಿಗಿಂತ ಹೆಚ್ಚಿಲ್ಲದ ಪೇಸ್ಟಿನಲ್ಲಿ, ಅದಕ್ಕೆ ಏಳೆಂಟು ವರ್ಷ ಆಗುವವರೆಗೂ ನಾನೇ ಹಲ್ಲುಜ್ಜಿಸುತ್ತೇನೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹುಳುಕಿಗೆ ರಾತ್ರಿಯೇ ಅನುಕೂಲ. ಆದ್ದರಿಂದ ರಾತ್ರಿಯ ಉಜ್ಜುವಿಕೆಯನ್ನು ತಪ್ಪಿಸಬಾರದು.

ಮೂರನೆಯ ಸಂಕಲ್ಪವೇ ನನ್ನನ್ನು ಉಳಿಸಿತು. ಮಗಳ ಮುಖದ ಹತ್ತಿರ ಬಗ್ಗಿ ಹಲ್ಲುಜ್ಜಿಸುವಾಗ ಅವಳು ಮೂಗು ಮುಚ್ಚಿಕೊಂಡಳು. ನಾನು ಬೀಡಿ ಬಿಟ್ಟದ್ದು ಆ ವಾರವೇ.