ಮುದುಡಿದ ಚಿಗುರಿನ ಮುಂದೆ

ಗಿಡಕ್ಕೆ ಬರುವ ಮಾತು ಬಹಳ ಕಡಿಮೆ. ಮನುಷ್ಯನಾದರೆ ಇಲ್ಲಿ ನೋವು, ಅಲ್ಲಿ ಉರಿ ಎಂದು ಹೇಳಿಕೊಳ್ಳುತ್ತಾನೆ. ದನವಾದರೆ ಮೇವು ಬಿಡುತ್ತದೆ, ಕಣ್ಣಲ್ಲಿ ನೀರಿಳಿಸುತ್ತದೆ. ಗಿಡ ಬಣ್ಣಗೆಡುತ್ತದೆ, ಬಾಡುತ್ತದೆ, ಇಲ್ಲವೇ ಮುದುಡುತ್ತದೆ. ನೂರು ಬಗೆಯ ಸಂಕಟವನ್ನು ಈ ಮೂರು ಮಾತುಗಳಲ್ಲೇ ಅದು ಹೇಳಿ ಮುಗಿಸಬೇಕು. ಹೀಗಾಗಿ ಮುದುಡಿದ ಚಿಗುರೊಂದರ ಮುಂದೆ ನಿಂತವನು, ಬಲ್ಲವನಾದರೂ ಸರಿ, ಅಷ್ಟು ಹೊತ್ತು ಅಜ್ಞಾನಿಯೇ. ಆ ಅಜ್ಞಾನದಲ್ಲಿ ಅವನು ಏನು ಮಾಡುತ್ತಾನೆ ಎಂಬುದು ಬೇಸಾಯದ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಹೌದು ಎಂದು ನನಗೆ ಅನ್ನಿಸುತ್ತದೆ. ಕಾರಣ ತಿಳಿಯದೆ ಮದ್ದು ಹಾಕುವುದು ತಪ್ಪೆ? ತಪ್ಪಾದರೆ ಅದು ಯಾರ ತಪ್ಪು?

ಹಾವೇರಿ, ಧಾರವಾಡದ ಕಡೆಯ ಮೆಣಸಿನಕಾಯಿ ಹೊಲಗಳಲ್ಲಿ ಈ ಪ್ರಶ್ನೆ ಪ್ರತಿವರ್ಷ ಎದುರಾಗುತ್ತದೆ. ಮುಟುರು ರೋಗ ಎಂದು ಅಲ್ಲಿನವರು ಕರೆಯುವುದು ಒಂದು ರೋಗವಲ್ಲ. ಒಂದೇ ಮುಖವಾಡ ಹಾಕಿಕೊಂಡ ಹಲವು ಕೇಡುಗಳು. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಅದು ಹೆಚ್ಚಾಗಿ ಥ್ರಿಪ್ಸ್ ಕೆಲಸ. ಅಂಚು ಕೆಳಕ್ಕೆ ಮಡಚಿ, ಬೋರಲು ಹಾಕಿದ ದೋಣಿಯಂತಾಗಿ, ತೊಟ್ಟು ಉದ್ದವಾಗಿ, ಎಲೆಯ ಅಡಿ ಕಂದು ತಿರುಗಿದರೆ ಅದು ಹಳದಿ ಮೈಟ್ ಕೆಲಸ. ನಮ್ಮ ಭಾಷೆ ಇವೆರಡನ್ನೂ ನುಸಿ ಎಂದೇ ಕರೆಯುತ್ತದೆ: ಥ್ರಿಪ್ಸ್ ನುಸಿ, ಮೈಟ್ ನುಸಿ. ಕಣ್ಣಿಗೆ ಸರಿಯಾಗಿ ಕಾಣದ್ದೆಲ್ಲ ನುಸಿ. ಆದರೆ ಮೊದಲನೆಯದು ಆರು ಕಾಲಿನ ಕೀಟ, ಎರಡನೆಯದು ಎಂಟು ಕಾಲಿನ, ಜೇಡನ ಬಳಗದ ಜೀವಿ. ಕೀಟವನ್ನು ಕೊಲ್ಲುವ ಎಷ್ಟೋ ವಿಷಗಳು ಮೈಟನ್ನು ಮುಟ್ಟುವುದೇ ಇಲ್ಲ. ಮೈಟನ್ನು ಹಿಡಿತಕ್ಕೆ ತರುವ ಗಂಧಕದ ಪುಡಿ ಥ್ರಿಪ್ಸನ್ನು ಅಷ್ಟಾಗಿ ಬಾಧಿಸುವುದಿಲ್ಲ. ಹೆಸರು ಒಂದಾದ ಮಾತ್ರಕ್ಕೆ ಮದ್ದು ಒಂದಾಗುವುದಿಲ್ಲ.

ಇಷ್ಟೇ ಆಗಿದ್ದರೆ ಮೇಲ್ಮಡಿಕೆ, ಕೆಳಮಡಿಕೆ ಎಂದು ಬಾಯಿಪಾಠ ಮಾಡಿ ಸುಮ್ಮನಿರಬಹುದಿತ್ತು. ಎರಡೂ ಒಂದೇ ಗಿಡದಲ್ಲಿ ಇರುವುದುಂಟು. ಬಿಳಿ ನೊಣ ಹೊತ್ತು ತರುವ ನಂಜಿನಿಂದಲೂ ಎಲೆ ಮುದುಡುತ್ತದೆ. ಆಗ ನರಗಳು ಹಳದಿಯಾಗಿ ಗಿಡವೇ ಗಿಡ್ಡಾಗುತ್ತದೆ. ಪಕ್ಕದ ಹೊಲದವನು ಹೊಡೆದ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದರೂ ಚಿಗುರು ತಿರುಚಿಕೊಳ್ಳುತ್ತದೆ. ಸುಣ್ಣದಂಶ, ಬೋರಾನ್ ಕಡಿಮೆಯಾದರೂ ಎಳೆಯ ಎಲೆ ವಕ್ರವಾಗುತ್ತದೆ. ಇವನ್ನು ಬೇರೆಬೇರೆ ಮಾಡಿ ಗುರುತಿಸಲು ಗಿಡವನ್ನಷ್ಟೇ ಅಲ್ಲ, ಹೊಲವನ್ನೂ ನೋಡಬೇಕು. ಬದುವಿನ ಒಂದು ಮಗ್ಗುಲಲ್ಲಿ ಮಾತ್ರ ಸಾಲಾಗಿ ಕೆಟ್ಟಿದ್ದು, ಅಲ್ಲಿನ ಕಳೆಯ ಗಿಡವೂ ತಿರುಚಿದ್ದರೆ ಗಾಳಿಯ ಮೇಲೆ ಅನುಮಾನ. ಅಲ್ಲೊಂದು ಇಲ್ಲೊಂದು ಗಿಡ ಕೆಟ್ಟಿದ್ದರೆ ನಂಜಿನ ಮೇಲೆ. ಒಂದು ಕಡೆ ಗುಂಪಾಗಿ ಶುರುವಾಗಿ ಹರಡುತ್ತಿದ್ದರೆ ನುಸಿಯ ಮೇಲೆ. ಚಿಗುರನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ಥ್ರಿಪ್ಸ್ ಸಣ್ಣ ಗೀರುಗಳಂತೆ ಹರಿದಾಡುವುದು ಬರಿಗಣ್ಣಿಗೇ ಕಾಣುತ್ತದೆ. ಮೈಟ್ ಹಾಗೆ ಕಾಣದು. ಅದರ ಉದ್ದ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು. ಭೂತಗನ್ನಡಿ ಹಿಡಿದು ಎಲೆಯ ಅಡಿಯನ್ನು ನೋಡಬೇಕು. ಬಿಳಿ ಚುಕ್ಕಿಗಳ ಸಾಲು ಕೂರಿಸಿದಂತಿರುವ ಅಂಡಾಕಾರದ ಮೊಟ್ಟೆ ಕಂಡರೆ ಅನುಮಾನ ತೀರಿತು. ಇದಕ್ಕೆಲ್ಲ ಹಿಡಿಯುವುದು ಅರ್ಧ ಗಂಟೆ, ನೂರಿನ್ನೂರು ರೂಪಾಯಿಯ ಒಂದು ಕನ್ನಡಿ.

ಆ ಅರ್ಧ ಗಂಟೆ ಎಲ್ಲಿ ಹೋಗುತ್ತದೆ? ಗೊಬ್ಬರದ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ತಿಳಿಯುತ್ತದೆ. ಆ ಕಡೆಯ ಒಂದು ಅಂಗಡಿಯಲ್ಲಿ ನಾನು ಕೇಳಿದ ಮಾತುಕತೆ ಇದು. ವಯಸ್ಸಾದ ರೈತರೊಬ್ಬರು ಬಂದರು.

"ಮೆಣಸಿನಗಿಡ ಮುದುಡ್ಯಾವ್ರಿ ಸಾವ್ಕಾರ್ರ."

"ಎಷ್ಟ್ ಎಕ್ರೆ ಐತಿ?"

"ಎರಡು."

ಅಂಗಡಿಯವರು ಎದ್ದು ಎರಡು ಬಾಟಲಿ, ಒಂದು ಪೊಟ್ಟಣ ತೆಗೆದಿಟ್ಟರು. "ಮೂರೂ ಕೂಡಿಸಿ ಹೊಡೀರಿ ಯಜಮಾನ್ರ. ಯಾವುದರ ಇರಲಿ, ಹೋಗತೈತಿ."

ಹೇಗೆ ಮುದುಡಿದೆ, ಮೇಲಕ್ಕೋ ಕೆಳಕ್ಕೋ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಎಕರೆ ಎಂದು. ಅದು ರೋಗದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಆದರೂ ಅಲ್ಲಿ ಮೋಸವಿತ್ತು ಎಂದು ನಾನು ಹೇಳಲಾರೆ. ಅಂಗಡಿಯವರು ನಂಬಿಯೇ ಕೊಟ್ಟರು. ರೈತರು ನಂಬಿಯೇ ಒಯ್ದರು. ತಪ್ಪು ನಡೆಯುವುದಕ್ಕೆ ಕೆಟ್ಟ ಮನಸ್ಸು ಬೇಕೇ ಬೇಕೆಂದಿಲ್ಲ.

ಈ ವ್ಯವಹಾರದ ಮಾತುಗಳನ್ನೇ ಗಮನಿಸಿ. ಹಳೆಯ ಮೈಸೂರಿನ ಕಡೆ ಇದನ್ನು 'ಔಷಧಿ' ಎನ್ನುತ್ತೇವೆ, ಉತ್ತರದಲ್ಲಿ 'ಎಣ್ಣೆ ಹೊಡೆಯುವುದು' ಎನ್ನುತ್ತಾರೆ. ಎರಡೂ ಒಳ್ಳೆಯ ಮಾತುಗಳು. ಔಷಧಿ ಕಾಯಿಲೆಯವನಿಗೆ ಕೊಡುವುದು, ಎಣ್ಣೆ ತಲೆಗೆ ಹಚ್ಚುವುದು. ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ವಿಷವೆಂದು ಕೂಗಿ ಹೇಳುತ್ತಿದ್ದರೂ ನಮ್ಮ ನಾಲಿಗೆ ಅದಕ್ಕೆ ವೈದ್ಯದ ಗೌರವ ಕೊಟ್ಟಿದೆ. ವಿಷ ಎಂದೇ ಕರೆಯುತ್ತಿದ್ದರೆ ಮೂರನ್ನು ಕೂಡಿಸುವ ಮೊದಲು ಕೈ ಒಂದು ಕ್ಷಣ ತಡೆಯುತ್ತಿತ್ತೋ ಏನೋ.

ಕೂಡಿಸಿ ಹೊಡೆದರೆ ನಷ್ಟವೇನು, ಒಂದಲ್ಲ ಒಂದು ತಗಲುತ್ತದಲ್ಲ ಎಂದು ವಾದಿಸಬಹುದು. ನಷ್ಟವಿದೆ. ಮೈಟನ್ನು ತಿನ್ನುವ ಮೈಟುಗಳಿವೆ. ಥ್ರಿಪ್ಸನ್ನು ತಿನ್ನುವ ಸಣ್ಣ ತಿಗಣೆಗಳಿವೆ. ಗುರಿ ನೋಡದ ವಿಷ ಮೊದಲು ಈ ನೆಂಟರನ್ನು ಕೊಲ್ಲುತ್ತದೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಎಂಬ ಜಾತಿಯ ಕೀಟನಾಶಕ ಹೊಡೆದ ಮೇಲೆ ಮೈಟ್ ಕಡಿಮೆಯಾಗುವುದರ ಬದಲು ಉಕ್ಕಿ ಬರುವುದು ಎಷ್ಟೋ ಬೆಳೆಗಳಲ್ಲಿ ಕಂಡ ಸಂಗತಿ. ಬಿಸಿಲಿನ ದಿನಗಳಲ್ಲಿ ಮೊಟ್ಟೆಯಿಂದ ಬೆಳೆದ ಮೈಟ್ ಆಗಲು ಒಂದು ವಾರವೂ ಬೇಡ. ಕಾವಲಿಲ್ಲದ ಊರಿನಲ್ಲಿ ಅದು ತುಂಬಿಕೊಳ್ಳುತ್ತದೆ. ಆಗ ರೈತ ಮತ್ತೆ ಅಂಗಡಿಗೆ ಬರುತ್ತಾನೆ. ಗಿಡ ಇನ್ನಷ್ಟು ಮುದುಡಿದೆ, ಆದ್ದರಿಂದ ಎಣ್ಣೆ ಸಾಲಲಿಲ್ಲ ಎಂಬುದು ಅವನ ತರ್ಕ. ತಪ್ಪು ಮದ್ದು ತಾನು ತಂದ ಕೇಡನ್ನೇ ತೋರಿಸಿ ಇನ್ನಷ್ಟು ಮದ್ದು ಕೇಳುತ್ತದೆ. ಇದು ಹೊಲದಲ್ಲಿ ಮಾತ್ರ ನಡೆಯುವುದಲ್ಲ. ಮಂಕಾದ ಮಗುವನ್ನು ಸೋಮಾರಿಯೆಂದು ಹೊಡೆದು, ಅದು ಇನ್ನೂ ಮಂಕಾದಾಗ ಪೆಟ್ಟು ಸಾಲಲಿಲ್ಲ ಎನ್ನುವ ಮನೆಗಳನ್ನು ನಾವು ಕಂಡಿಲ್ಲವೆ?

2015ರಲ್ಲಿ ಬೆಂಗಳೂರಿನ ಪರಂಗಿ ಗಿಡಗಳಲ್ಲಿ ಈ ದೇಶಕ್ಕೆ ಹೊಸದಾದ ಥ್ರಿಪ್ಸ್ ಒಂದು ಗುರುತಾಯಿತು. 2021ರಲ್ಲಿ ಅದು ಆಂಧ್ರ, ತೆಲಂಗಾಣ ಮತ್ತು ನಮ್ಮ ಮೆಣಸಿನಕಾಯಿ ಸೀಮೆಗೆ ನುಗ್ಗಿ ಹೂವಿನೊಳಗೇ ಕೂತು ಬೆಳೆ ತೆಗೆದುಬಿಟ್ಟಿತು. ರೈತರು ಹಳೆಯ ಥ್ರಿಪ್ಸಿನ ಅಭ್ಯಾಸದಂತೆ ಸಿಂಪಡಿಸಿದರು, ಮೇಲಿಂದ ಮೇಲೆ ಸಿಂಪಡಿಸಿದರು. ಹೂವಿನೊಳಗೆ ಅಡಗಿದ್ದು ಹಾಗೆಯೇ ಉಳಿಯಿತು. ಅಂಥ ಸಮಯದಲ್ಲಿ ಹೊಲದ ಬದುವಿನ ಮೇಲೆ ನಿಂತು 'ಮೊದಲು ಗುರುತಿಸಿ, ಆಮೇಲೆ ಹೊಡೆಯಿರಿ' ಎಂದು ಉಪದೇಶ ಮಾಡಲು ಬಾಯಿ ಬರಬೇಕಲ್ಲ!

ಇಲ್ಲೇ ನನ್ನ ಪ್ರಶ್ನೆ ಕಠಿಣವಾಗುವುದು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಗಾದೆ ಹೇಳುತ್ತದೆ. ಒಳ್ಳೆಯ ಮಾತೇ. ಆದರೆ ಪ್ರಮಾಣಿಸಲು ಹೊತ್ತು ಬೇಕು. ಸಾಲ ತಂದು ಬೀಜ ಹಾಕಿದವನಿಗೆ ಆ ಹೊತ್ತಿನ ಬೆಲೆ ಎಷ್ಟು? ಸಂಶಯ ಪಡುವುದು ಉಳ್ಳವರ ಸುಖ. ಮೂರು ದಿನ ಕಾದು ನೋಡೋಣ ಎಂದು ನಾನು ಹೇಳಬಲ್ಲೆ, ಬೆಳೆ ನನ್ನದಲ್ಲ. ಆ ಮೂರು ದಿನದಲ್ಲಿ ಬೆಳೆ ಹೋದರೆ ನನ್ನ ಮನೆಯ ಅನ್ನಕ್ಕೆ ಕೊರತೆಯಿಲ್ಲ. ಏನೂ ಮಾಡದೆ ಕೂತದ್ದರಿಂದ ಹೋಯಿತು ಎಂಬ ಕೊರಗು, ಮಾಡಿಯೂ ಹೋಯಿತು ಎಂಬ ಕೊರಗಿಗಿಂತ ದೊಡ್ಡದು. ಮನುಷ್ಯ ಸಿಂಪಡಿಸುವುದು ನುಸಿಗಾಗಿ ಮಾತ್ರವಲ್ಲ, ತನ್ನ ಸಮಾಧಾನಕ್ಕೂ.

ಬಡತನ ಒಂದೇ ಇದಕ್ಕೆ ಕಾರಣವೆಂದೂ ಹೇಳುವಂತಿಲ್ಲ. ಕೆನಡಾದಲ್ಲಿ 2018ರ ಅಕ್ಟೋಬರಿನಿಂದ ಗಾಂಜಾ ಬೆಳೆಯುವುದು ಕಾನೂನಿಗೆ ಒಪ್ಪಿತವಾಗಿದೆ. ಅಲ್ಲಿ ಅದನ್ನು ಮನೆಯೊಳಗೆ, ದೊಡ್ಡ ಗೋದಾಮುಗಳೊಳಗೆ ದೀಪದ ಬೆಳಕಿನಲ್ಲಿ ಬೆಳೆಯುತ್ತಾರೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಬೆಳೆದರೆ 1985ರ ಕಾಯ್ದೆಯಂತೆ ಅಪರಾಧ. ಆ ಚರ್ಚೆ ಇಲ್ಲಿ ಬೇಡ. ನನಗೆ ಕುತೂಹಲ ಹುಟ್ಟಿಸುವುದು ಬೇರೆ. ಆ ಬೀಗ ಹಾಕಿದ ಕೋಣೆಯಲ್ಲೂ ಚಿಗುರು ಮುದುಡುತ್ತದೆ, ಮುದುಡಿಸುವುದೂ ಹಲವು ಸಲ ನಮ್ಮ ಮೆಣಸಿನಗಿಡದ ಅದೇ ಹಳದಿ ಮೈಟ್. ವಿಜ್ಞಾನ ಅದಕ್ಕೆ ಮೊದಲು ಹೆಸರಿಟ್ಟದ್ದು 1904ರಲ್ಲಿ, ವಾಷಿಂಗ್ಟನ್ನಿನ ಗಾಜಿನ ಮನೆಯೊಂದರಲ್ಲಿದ್ದ ಮಾವಿನ ಗಿಡದಲ್ಲಿ ಸಿಕ್ಕಾಗ. ಗಂಡು ಮೈಟ್ ಇನ್ನೂ ಪೊರೆ ಕಳಚದ ಹೆಣ್ಣನ್ನು ಬೆನ್ನ ಮೇಲೆ ಹೊತ್ತು ಹೊಸ ಚಿಗುರಿಗೆ ಒಯ್ಯುತ್ತದೆ. ಬಿಳಿ ನೊಣದ ಕಾಲು ಹಿಡಿದು ಗಿಡದಿಂದ ಗಿಡಕ್ಕೆ ಹಾರುತ್ತದೆ. ಅದಕ್ಕೆ ದೇಶವಿಲ್ಲ, ಕಾಯ್ದೆಯಿಲ್ಲ.

ಆ ಕೋಣೆಯ ಬೆಳೆಗಾರನ ತಪ್ಪು ಮಾತ್ರ ನಮ್ಮ ರೈತನದಕ್ಕೆ ತಿರುಗಾಮುರುಗಾ. ಅಲ್ಲಿ ಬೆಳಕು, ನೀರು, ಗಾಳಿ, ಗೊಬ್ಬರ ಎಲ್ಲವೂ ಅವನ ಕೈಯಲ್ಲಿವೆ. ಆದ್ದರಿಂದ ಚಿಗುರು ತಿರುಚಿದೊಡನೆ ಅವನು ಗೊಬ್ಬರದ ಮೇಲೆ ಅನುಮಾನ ಪಡುತ್ತಾನೆ. ಸುಣ್ಣದಂಶ ಹೆಚ್ಚಿಸುತ್ತಾನೆ, ದೀಪ ಮೇಲೇರಿಸುತ್ತಾನೆ, ನೀರಿನ ಹುಳಿ ಅಳೆಯುತ್ತಾನೆ. ಇತ್ತ ಮೈಟ್ ಹರಡುತ್ತಿರುತ್ತದೆ. ಅದೂ ಅಲ್ಲದಿದ್ದರೆ ನಾಲ್ಕೇ ಕಾಲಿನ, ಹುಳುವಿನಂಥ ಇನ್ನೊಂದು ನುಸಿ; ಇದು ನಮ್ಮ ತೆಂಗಿನಕಾಯಿಯನ್ನು ಕೆಡಿಸಿದ ನುಸಿ ಪೀಡೆಯ ಬಳಗದ್ದು. ಅದೂ ಅಲ್ಲದಿದ್ದರೆ ವೈರಾಯ್ಡ್ ಎಂಬ, ವೈರಸ್ಸಿಗಿಂತ ಚಿಕ್ಕದಾದ ನಂಜು. ಗಿಡ ಕುಗ್ಗಿ ಸೊರಗುವ ಬೇನೆಯೊಂದಕ್ಕೆ ಅಂಥದೊಂದು ನಂಜು ಕಾರಣವೆಂದು 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಿಳಿಯಿತು. ಒಂದೇ ತಾಯಿಗಿಡದಿಂದ ತುಂಡು ಕತ್ತರಿಸಿ ನೆಡುವ ಕತ್ತರಿಯೇ ಅದನ್ನು ಹರಡುತ್ತದೆ. ಹೊಲದವನು ಹೊರಗಿನ ಶತ್ರುವನ್ನು ಹುಡುಕುತ್ತಾನೆ. ಕೋಣೆಯವನು ತನ್ನ ಅಳತೆಯಲ್ಲಿ ತಪ್ಪು ಹುಡುಕುತ್ತಾನೆ. ಇಬ್ಬರೂ ಗಿಡವನ್ನು ಓದುವ ಮೊದಲು ತಮ್ಮನ್ನೇ ಓದಿಕೊಂಡಿರುತ್ತಾರೆ. ನಮ್ಮ ಕೈಯಲ್ಲಿ ಯಾವ ಉಪಕರಣವಿದೆಯೋ ಅದೇ ನಮ್ಮ ಅನುಮಾನವನ್ನು ತೀರ್ಮಾನಿಸುತ್ತದೆ.

ಹಾಗಾದರೆ ಪೂರ್ತಿ ತಿಳಿಯುವವರೆಗೆ ಕೈಕಟ್ಟಿ ಕೂರಬೇಕೆ? ಬೇಡ ಎನ್ನಲು ನಮ್ಮ ಮಲೆನಾಡೇ ಸಾಕ್ಷಿ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ಸರ್ಕಾರದ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ವಿವರಿಸಿ ಬರೆದದ್ದು 1910ರಲ್ಲಿ. ಅದಕ್ಕೂ ಹಿಂದೆಯೇ ತೋಟಿಗರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಶಿಲೀಂಧ್ರದ ಹೆಸರು ಅವರಿಗೆ ಗೊತ್ತಿರಲಿಲ್ಲ. ಗೊನೆ ಒದ್ದೆಯಾದರೆ ಕೊಳೆಯುತ್ತದೆ ಎಂದು ಗೊತ್ತಿತ್ತು. ಅರ್ಧ ತಿಳುವಳಿಕೆಯಿಂದಲೂ ಸರಿಯಾದ ಕೆಲಸ ಮಾಡಬಹುದು, ಆ ಕೆಲಸ ತಪ್ಪಾಗಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವಂಥದ್ದಾಗಿದ್ದರೆ. ಕೊಟ್ಟೆ ಬಿಚ್ಚಬಹುದು. ಕೆಟ್ಟ ಚಿಗುರನ್ನು ಚಿವುಟಿ ಸುಡಬಹುದು. ನಾಲ್ಕು ಸಾಲಿಗೆ ಮಾತ್ರ ಗಂಧಕ ಹೊಡೆದು ಉಳಿದದ್ದನ್ನು ಬಿಟ್ಟು ನೋಡಬಹುದು. ಹೊಲವಿಡೀ ಹರಡಿದ ವಿಷವನ್ನು ಮಾತ್ರ ಬಾಟಲಿಗೆ ಮರಳಿ ತುಂಬಲಾಗದು. ನನಗೆ ತೋಚುವ ನೀತಿ ಇಷ್ಟೇ: ಅಜ್ಞಾನ ಎಷ್ಟು ದೊಡ್ಡದೋ, ಮಾಡುವ ಕೆಲಸ ಅಷ್ಟು ಚಿಕ್ಕದಾಗಿರಲಿ.

ಇನ್ನು ತಪ್ಪಿನ ಹಂಚಿಕೆ. ನೋಡುವ ಹೊಣೆ ನೋಡಲು ಬಲ್ಲವನ ಮೇಲೆ ಹೆಚ್ಚು ಬೀಳಬೇಕು, ಕಳೆದುಕೊಳ್ಳುವವನ ಮೇಲೆ ಕಡಿಮೆ. ಮಾರುವವನು ಎಷ್ಟು ಎಕರೆ ಎನ್ನುವ ಮೊದಲು ಒಂದು ಚಿಗುರು ತಂದಿದ್ದೀರಾ ಎಂದು ಕೇಳಬೇಕು. ಸಂಬಳ ಪಡೆದು ಸಲಹೆ ಹೇಳುವವನು ಹೊಲಕ್ಕೆ ಇಳಿಯಬೇಕು. ಬ್ಯಾಡಗಿ ಮೆಣಸಿನ ಕೆಂಪನ್ನು ಕಂಡು ಬೆಲೆ ಕಟ್ಟುವ ನಾವೂ, ಆ ಕೆಂಪಿನ ಹಿಂದೆ ಎಷ್ಟು ಸಿಂಪರಣೆಯಾಗಿದೆ ಎಂದು ಕೇಳದೆ ತಿನ್ನುವವರು, ಪಾಲುದಾರರೇ. ಇವರೆಲ್ಲರ ಪಾಲು ತೆಗೆದ ಮೇಲೆ ಉಳಿದದ್ದು ರೈತನದು: ಒಂದು ಎಲೆಯನ್ನು ಮಗುಚಿ ಅಡಿಯನ್ನು ನೋಡುವ ಕೆಲಸ. ಅದು ಸಣ್ಣದು, ಆದರೆ ಅವನ ಬದಲು ಬೇರೆಯವರು ಮಾಡಲಾಗದ್ದು.

ಕೊನೆಗೆ ಒಂದು ಮಾತು. ಮೈಟ್ ಪೂರ್ತಿ ಸತ್ತ ಮೇಲೂ ವಾರಗಟ್ಟಲೆ ಗಿಡ ಮುದುಡಿಕೊಂಡೇ ಇರುತ್ತದೆ. ನಾವು ಇಂದು ಕಾಣುವ ಎಲೆ ಗಾಯಗೊಂಡದ್ದು ಮೊಗ್ಗಿನೊಳಗೆ ಮಡಚಿಕೊಂಡಿದ್ದಾಗ. ಬಿಚ್ಚಿಕೊಂಡಾಗ ಹಳೆಯ ಗಾಯವನ್ನು ತೋರಿಸುತ್ತಿದೆ. ಆ ಎಲೆ ಮತ್ತೆಂದೂ ನೇರವಾಗದು. ಅದನ್ನು ನೋಡಿ ಇನ್ನೊಮ್ಮೆ ಹೊಡೆಯುವವನು ಇಲ್ಲದ ಶತ್ರುವಿನೊಡನೆ ಕಾದುತ್ತಾನೆ. ಗುಣವಾಯಿತೇ ಎಂದು ತಿಳಿಯಲು ಹಳೆಯ ಎಲೆಯನ್ನು ಬಿಟ್ಟು ಮುಂದಿನ ಚಿಗುರನ್ನು ಕಾಯಬೇಕು. ಮನುಷ್ಯರ ವಿಷಯದಲ್ಲೂ ನಾವು ಹೀಗೆ ಕಾಯುವುದು ಅಪರೂಪ. ಎಂದೋ ಮುದುಡಿದ ಎಲೆಯನ್ನೇ ಹಿಡಿದು ಇಂದಿನ ತೀರ್ಪು ಕೊಡುತ್ತೇವೆ. ಹೊಸ ಎಲೆ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ನೋಡುವಷ್ಟು ದಿನ ಕೈ ತಡೆದುಕೊಳ್ಳುವುದೂ ಒಂದು ಆರೈಕೆಯೇ.