ಸಾಡೇಸಾತಿಯ ಎರಡು ಚುನಾವಣೆಗಳು: ಎಂ.ಪಿ. ಪ್ರಕಾಶರ ಕುಂಡಲಿ ಮತ್ತು ಮೈಲಾರದ ಕಾರಣಿಕ

ಸಾರ್ವಜನಿಕ ಜೀವನದಲ್ಲಿ ಹೆಸರಾದವರ ಜನ್ಮಕುಂಡಲಿಯನ್ನು ಮುಂದಿಟ್ಟುಕೊಂಡು ಅವರ ಸ್ವಭಾವ, ಅಧಿಕಾರಯೋಗ, ಏಳುಬೀಳುಗಳನ್ನು ವಿವರಿಸುವ ಬರವಣಿಗೆ ಪ್ರಾಚೀನ ಶಾಸ್ತ್ರದ ಮುಂದುವರಿಕೆಯಂತೆ ಕಂಡರೂ ಅದರ ಇಂದಿನ ರೂಪವು ಮುದ್ರಣಯುಗದ್ದು. ಅರಸರ ಕಾಲದಲ್ಲಿ ಆಳುವವನ ಜಾತಕವೆಂಬುದು ಅರಮನೆಯ ಒಳಗಿನ ವಿಷಯವಾಗಿತ್ತು. ಅದನ್ನು ಕಾಸು ಕೊಟ್ಟು ಪತ್ರಿಕೆ ಕೊಳ್ಳುವ ಯಾರಾದರೂ ಓದಬಹುದಾದ ವಿಷಯವನ್ನಾಗಿ ಮಾಡಿದವರಲ್ಲಿ ಬಿ. ಸೂರ್ಯನಾರಾಯಣ ರಾವ್ (1856–1937) ಪ್ರಮುಖರು. 1895ರಲ್ಲಿ ‘ಅಸ್ಟ್ರಲಾಜಿಕಲ್ ಮ್ಯಾಗಜೀನ್’ ಆರಂಭಿಸಿದ ಈ ವಿದ್ವಾಂಸರು ಬಳ್ಳಾರಿಯಲ್ಲಿ ವಕೀಲಿ ಮಾಡಿದವರು, ವಿಜಯನಗರದ ಚರಿತ್ರೆಯನ್ನು ಬರೆದವರು. ಅವರ ಮೊಮ್ಮಗ ಬಿ.ವಿ. ರಾಮನ್ (1912–1998) 1936ರಲ್ಲಿ ಆ ಪತ್ರಿಕೆಯನ್ನು ಮತ್ತೆ ನಡೆಸತೊಡಗಿ, ಮುಂದೆ ‘ನೋಟಬಲ್ ಹಾರೋಸ್ಕೋಪ್ಸ್’ ಎಂಬ ಗ್ರಂಥದಲ್ಲಿ ಬುದ್ಧ, ಶಂಕರರಿಂದ ಗಾಂಧೀಜಿಯವರೆಗಿನ ಪ್ರಸಿದ್ಧರ ಕುಂಡಲಿಗಳನ್ನು ವಿಶ್ಲೇಷಿಸಿದರು. ಇಂದು ಟಿವಿಯಲ್ಲಿ ಪ್ರತಿ ಚುನಾವಣೆಯ ಮುನ್ನ ಕೇಳಿಬರುವ ನಾಯಕರ ‘ಗ್ರಹಗತಿ’ಯ ಚರ್ಚೆಯು ಈ ಪರಂಪರೆಗೆ ಸೇರಿದ್ದು.

ಆ ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಕುಂಡಲಿಯು ಒಬ್ಬ ಮನುಷ್ಯನನ್ನು ಎಷ್ಟರ ಮಟ್ಟಿಗೆ ತಿಳಿಸಬಲ್ಲದು ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ಈ ನೆಲ ಎರಡು ಒಳ್ಳೆಯ ಸಾಮಗ್ರಿಗಳನ್ನು ಒದಗಿಸುತ್ತದೆ. ಒಂದು, ಹಡಗಲಿಯ ಜನನಾಯಕ, ರಂಗಕರ್ಮಿ, ರಾಜ್ಯದ ಉಪಮುಖ್ಯಮಂತ್ರಿಯಾಗಿದ್ದ ಎಂ.ಪಿ. ಪ್ರಕಾಶ್ ಅವರ ಬದುಕು. ಇನ್ನೊಂದು, ಅದೇ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ನುಡಿಯುವ ಕಾರಣಿಕವೆಂಬ ಭವಿಷ್ಯವಾಣಿ.

ಮೊದಲಿಗೆ ಜಾತಕದ ವಿಧಾನವನ್ನು ತಿಳಿಯಬೇಕು. ಆಕಾಶದಲ್ಲಿ ಸೂರ್ಯನು ಸಾಗುವಂತೆ ಕಾಣುವ ದಾರಿಯನ್ನು ಹನ್ನೆರಡು ಸಮಭಾಗ ಮಾಡಿದರೆ ಹನ್ನೆರಡು ರಾಶಿಗಳಾಗುತ್ತವೆ. ಶಿಶು ಹುಟ್ಟಿದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿಯೇ ಲಗ್ನ. ಅಲ್ಲಿಂದ ಎಣಿಸಿದ ಹನ್ನೆರಡು ಮನೆಗಳಿಗೆ ಭಾವಗಳೆಂದು ಹೆಸರು. ಹತ್ತನೆಯ ಭಾವವನ್ನು ಕರ್ಮಸ್ಥಾನವೆಂದೂ ರಾಜ್ಯಸ್ಥಾನವೆಂದೂ ಕರೆಯುವುದರಿಂದ ರಾಜಕಾರಣಿಯ ಜಾತಕದಲ್ಲಿ ಜೋಯಿಸರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಲಗ್ನವು ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಜನ್ಮಸಮಯ ನಿಖರವಾಗಿ ತಿಳಿದಿರಬೇಕು, ತೊಡಕು ಶುರುವಾಗುವುದೂ ಇಲ್ಲಿಯೇ. ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನಿಂದ ಬರೆದ ತಾರೀಖನ್ನೇ ಹುಟ್ಟುಹಬ್ಬವನ್ನಾಗಿ ಹೊತ್ತುಕೊಂಡ ತಲೆಮಾರು ಕರ್ನಾಟಕದ ಹಳ್ಳಿಗಳಲ್ಲಿ ಇನ್ನೂ ಇದೆ. 2022ರ ಆಗಸ್ಟ್ 3ರಂದು ಹರಪನಹಳ್ಳಿಗೆ ನೆರೆಯ ದಾವಣಗೆರೆಯಲ್ಲಿ ಎಪ್ಪತ್ತೈದನೆಯ ಜನ್ಮದಿನದ ಬೃಹತ್ ಸಮಾವೇಶ ಕಂಡ ಸಿದ್ದರಾಮಯ್ಯನವರೂ ತಮ್ಮ ನಿಜವಾದ ಜನ್ಮದಿನ ಗೊತ್ತಿಲ್ಲವೆಂದು ಬಹಿರಂಗವಾಗಿ ಹೇಳಿಕೊಂಡವರೇ. ಅಂಥ ದಿನಾಂಕದಿಂದ ಕಟ್ಟಿದ ಕುಂಡಲಿ ತಿಳಿಸುವುದೇನಿದ್ದರೂ ಮೇಷ್ಟರ ಲೇಖನಿ ಹೊರಳಿದ ದಿನದ ಗ್ರಹಸ್ಥಿತಿಯನ್ನು. ದಿನಾಂಕ ಖಚಿತವಾಗಿದ್ದರೂ ಗಳಿಗೆಯ ಜಗಳ ಉಳಿಯುತ್ತದೆ. ಕೂಡ್ಲಿಗಿಯ ಹುತಾತ್ಮರ ಸ್ಮಾರಕದಲ್ಲಿ ಯಾರ ಚಿತಾಭಸ್ಮವಿದೆಯೋ ಆ ಗಾಂಧೀಜಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಅವರ ಲಗ್ನ ತುಲೆಯೋ ಕನ್ಯೆಯೋ ಎಂಬ ವಿಷಯದಲ್ಲಿ ಜ್ಯೋತಿಷಿಗಳೇ ಒಮ್ಮತಕ್ಕೆ ಬಂದಿಲ್ಲ. ಎರಡೂ ಲಗ್ನಗಳಿಂದ ಸತ್ಯ, ಅಹಿಂಸೆ, ಉಪವಾಸ, ಹತ್ಯೆ ಇಷ್ಟನ್ನೂ ಸಿದ್ಧಪಡಿಸಿ ತೋರಿಸಿದ್ದಾರೆ ಎಂಬುದೇ ಗಮನಿಸಬೇಕಾದ ಸಂಗತಿ.

ದಾಖಲೆಯ ಪ್ರಕಾರ ಎಂ.ಪಿ. ಪ್ರಕಾಶ್ ಹುಟ್ಟಿದ್ದು 1940ರ ಜುಲೈ 11ರಂದು. ಗಳಿಗೆಯ ಜಗಳವನ್ನು ಬದಿಗಿಡಲು ಜ್ಯೋತಿಷದಲ್ಲಿಯೇ ಒಂದು ದಾರಿಯಿದೆ: ಚಂದ್ರನಿರುವ ರಾಶಿಯನ್ನೇ ಲಗ್ನವೆಂದು ಭಾವಿಸಿ ಎಣಿಸುವ ಚಂದ್ರಲಗ್ನ ಕ್ರಮ. ಅಂದು ಸ್ಥಿರ ನಕ್ಷತ್ರಗಳನ್ನು ಆಧಾರವಾಗಿಟ್ಟು ಎಣಿಸುವ ನಿರಯಣ ಪದ್ಧತಿಯಂತೆ ಚಂದ್ರನು ಕನ್ಯೆಯಲ್ಲಿದ್ದನು. ಅಲ್ಲಿಂದ ಹತ್ತನೆಯದಾದ ಮಿಥುನದಲ್ಲಿ ರವಿ ಮತ್ತು ವಕ್ರಗತಿಯ ಶುಕ್ರ. ಹನ್ನೊಂದನೆಯ ಕರ್ಕಾಟಕದಲ್ಲಿ ಕುಜ. ಎಂಟನೆಯ ಮೇಷದಲ್ಲಿ ಗುರು, ಶನಿ. ಅಭ್ಯಾಸವಿರುವ ಯಾವ ಜೋಯಿಸರೂ ಇದನ್ನು ಕೂಡಲೇ ಓದಿಬಿಡುತ್ತಾರೆ. ರಾಜ್ಯಸ್ಥಾನದಲ್ಲಿ ರವಿಯಿದ್ದುದರಿಂದ ಮಂತ್ರಿಪದವಿ ಬಂದಿತು. ಕಲೆಗೆ ಕಾರಕನಾದ ಶುಕ್ರ ಜೊತೆಗೂಡಿದ್ದರಿಂದ ಹಡಗಲಿಯಲ್ಲಿ ರಂಗಭಾರತಿ ಎಂಬ ರಂಗಸಂಸ್ಥೆ ಹುಟ್ಟಿತು, ನಾಟಕದ ಹುಚ್ಚು ಅಧಿಕಾರದಲ್ಲಿದ್ದಾಗಲೂ ಬಿಡಲಿಲ್ಲ, ಹಂಪಿ ಉತ್ಸವ ರೂಪುಗೊಂಡಿತು. ಮೇಷವು ಶನಿಗೆ ನೀಚಸ್ಥಾನ, ಅಂದರೆ ಬಲಗುಂದುವ ಮನೆಯಾದುದರಿಂದಲೂ ಅದು ಅಷ್ಟಮವಾದುದರಿಂದಲೂ ಮುಖ್ಯಮಂತ್ರಿ ಪದವಿ ಕೈಗೆಟುಕದೆ ಹೋಯಿತು. ನೀಚ ಶನಿಯ ಪಕ್ಕದಲ್ಲಿ ಗುರುವಿದ್ದುದರಿಂದ ಇಷ್ಟಾದರೂ ವಿದ್ವತ್ತೂ ಸಜ್ಜನಿಕೆಯೂ ಕೆಡಲಿಲ್ಲ. ಓದಿದವರು ತಲೆದೂಗುವಂತಹ ವಿವರಣೆ ಇದು, ಮತ್ತು ಇದರಲ್ಲಿನ ಗ್ರಹಸ್ಥಿತಿಗಳು ಸರಿಯಾದವೇ.

ಆದರೆ ಈ ವಿವರಣೆಯ ಪ್ರತಿಯೊಂದು ಫಲವೂ ಕುಂಡಲಿಯಿಂದ ಬಂದುದಲ್ಲ. ಪ್ರಕಾಶರನ್ನು ಬಲ್ಲ ನಾಡಿನ ನೆನಪಿನಿಂದ ಬಂದದ್ದು. ಗುರು ಮತ್ತು ಶನಿಗಳು ಸುಮಾರು ಇಪ್ಪತ್ತು ವರ್ಷಗಳಿಗೊಮ್ಮೆ ಕೂಡುತ್ತವೆ. 1940ರಲ್ಲಿ ಮೇಷದಲ್ಲಿ ನಡೆದ ಆ ಕೂಟ ತಿಂಗಳುಗಟ್ಟಲೆ ಇದ್ದಿತು. ಅಂದು ಹುಟ್ಟಿದ ಎಲ್ಲ ಮಕ್ಕಳಿಗೂ ರವಿ, ಶುಕ್ರ, ಕುಜ, ಗುರು, ಶನಿಗಳು ಇದ್ದ ರಾಶಿಗಳು ಇವೇ. ಅವರಲ್ಲಿ ಹೊಲ ಉತ್ತವರು, ಕೂಲಿಗೆ ಹೋದವರು, ಎಳವೆಯಲ್ಲಿಯೇ ತೀರಿಹೋದವರು ಇದ್ದಿರಲೇಬೇಕು. ಕುಂಡಲಿಯನ್ನು ಮಾತ್ರ ಕೊಟ್ಟು, ಹೆಸರು ಮುಚ್ಚಿಟ್ಟು, ‘ಇವರು ಯಾರು’ ಎಂದು ಕೇಳಿದ್ದರೆ ರಂಗಭಾರತಿಯ ಹೆಸರು ಹೊರಬರುತ್ತಿತ್ತೇ?

ಸಾಡೇಸಾತಿಯ ಲೆಕ್ಕವನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು, ಏಕೆಂದರೆ ಇಲ್ಲಿ ಶಾಸ್ತ್ರವು ದಿನಾಂಕಕ್ಕೆ ಸಿಗುತ್ತದೆ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ ಈ ಮೂರರಲ್ಲಿ ಶನಿ ಸಂಚರಿಸುವ ಸುಮಾರು ಏಳೂವರೆ ವರ್ಷಗಳ ಕಾಲವೇ ಸಾಡೇಸಾತಿ. ಮಾನಭಂಗ, ಸ್ಥಾನಚ್ಯುತಿ, ರೋಗಗಳಿಗೆ ಅದು ಹೆಸರಾದದ್ದು. ಕನ್ಯಾರಾಶಿಯವರಿಗೆ ಶನಿಯು ಸಿಂಹಕ್ಕೆ ಬಂದಾಗ ಅದು ತೊಡಗುತ್ತದೆ. 2008ರ ಮೇ ತಿಂಗಳಲ್ಲಿ ಶನಿ ಸಿಂಹದಲ್ಲಿದ್ದನು. ಆ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಪ್ರಕಾಶರು ಜೆಡಿಎಸ್ ಬಿಟ್ಟು ಕಾಂಗ್ರೆಸ್ಸಿನಿಂದ ಹರಪನಹಳ್ಳಿಯಲ್ಲಿ ಸ್ಪರ್ಧಿಸಿ ಸೋತರು. 2011ರ ಫೆಬ್ರವರಿ 9ರಂದು ಅವರು ನಿಧನರಾದಾಗ ಶನಿ ಕನ್ಯೆಯಲ್ಲಿ, ಅಂದರೆ ಜನ್ಮಚಂದ್ರನ ಮೇಲೆಯೇ ಇದ್ದನು. ಜ್ಯೋತಿಷದ ಪರವಾಗಿ ವಾದಿಸುವವರಿಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗಲಾರದು. ಆದರೆ ಇದಕ್ಕೆ ಹಿಂದಿನ ಸುತ್ತಿನ ಸಾಡೇಸಾತಿ ಬಿದ್ದದ್ದು 1977ರಿಂದ 1985ರ ಆಸುಪಾಸಿನವರೆಗೆ; ಪ್ರಕಾಶರು ಹಡಗಲಿಯಿಂದ ವಿಧಾನಸಭೆಗೆ ಗೆದ್ದುಬಂದು, ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ರಾಜ್ಯಮಟ್ಟದ ನಾಯಕರಾಗಿ ಮೇಲೆದ್ದುದು 1983ರಲ್ಲಿ, ಆ ಸಾಡೇಸಾತಿಯ ನಡುವೆಯೇ! ಇದನ್ನು ತೋರಿಸಿದರೆ ಉತ್ತರಕ್ಕೇನೂ ಕೊರತೆಯಿಲ್ಲ: 1983ರಲ್ಲಿ ಶನಿಯು ತನ್ನ ಉಚ್ಚರಾಶಿಯಾದ ತುಲೆಯಲ್ಲಿದ್ದನು, ಮೂರನೆಯ ಘಟ್ಟದಲ್ಲಿ ಹೋಗುವ ಶನಿ ಕೊಟ್ಟು ಹೋಗುತ್ತಾನೆ. ಸೋತರೆ ಶನಿ ಕಾಡಿದ, ಗೆದ್ದರೆ ಶನಿ ಕೊಟ್ಟ. ಎರಡು ವಿರುದ್ಧ ಫಲಗಳಿಗೂ ಒಂದೇ ಗ್ರಹ ಕಾರಣವಾಗಬಲ್ಲದಾದರೆ ಆ ಕಾರಣ ಏನನ್ನೂ ತಿಳಿಸಿದಂತಾಗುವುದಿಲ್ಲ. ಜ್ಯೋತಿಷದ ದೌರ್ಬಲ್ಯವಿರುವುದು ಅದು ತಪ್ಪಾಗುವುದರಲ್ಲಿ ಎಂದು ಟೀಕಾಕಾರರು ಹೇಳುವುದುಂಟು. ವಾಸ್ತವದಲ್ಲಿ ತಪ್ಪಾಗಲು ಅದು ತನಗೆ ಅವಕಾಶವನ್ನೇ ಇಟ್ಟುಕೊಂಡಿಲ್ಲ.

ಅವಕಾಶ ಕೊಟ್ಟು ನೋಡಿದ ಪ್ರಯೋಗಗಳೂ ಇವೆ. ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಪುಣೆಯಲ್ಲಿ ಪ್ರತಿಭಾವಂತ ಮಕ್ಕಳ ಹಾಗೂ ಬುದ್ಧಿಮಾಂದ್ಯ ಮಕ್ಕಳ ಒಟ್ಟು 200 ಜಾತಕಗಳನ್ನು ಬೆರೆಸಿ, 27 ಜ್ಯೋತಿಷಿಗಳಿಗೆ ತಲಾ 40ರಂತೆ ಕೊಟ್ಟು ವಿಂಗಡಿಸಲು ಕೇಳಿದಾಗ ಸರಿಯಾದ ಉತ್ತರಗಳ ಸರಾಸರಿ ಶೇ. 46 ಆಗಿತ್ತು, ನಾಣ್ಯ ಚಿಮ್ಮಿದ್ದರೂ ಶೇ. 50ರ ಹತ್ತಿರ ಬರುತ್ತಿತ್ತು. ಹಾಗಿದ್ದೂ ಸ್ವಭಾವದ ವರ್ಣನೆ ನಿಜವೆನಿಸುವುದೇಕೆ ಎಂಬುದಕ್ಕೆ ಅಮೆರಿಕದ ಮನೋವಿಜ್ಞಾನಿ ಬರ್ಟ್ರಾಂ ಫೋರರ್ 1948ರಲ್ಲಿ ಮಾಡಿದ ಪ್ರಯೋಗ ಬೆಳಕು ಚೆಲ್ಲುತ್ತದೆ: 39 ವಿದ್ಯಾರ್ಥಿಗಳಿಗೆ ಅವರವರ ವ್ಯಕ್ತಿತ್ವದ ವಿವರಣೆ ಎಂದು ಒಂದೇ ಬರಹವನ್ನು ಹಂಚಿದಾಗ, ಅದು ತಮಗೆ ಎಷ್ಟು ಒಪ್ಪುತ್ತದೆಂದು ಅವರು ಕೊಟ್ಟ ಅಂಕಗಳ ಸರಾಸರಿ ಐದಕ್ಕೆ 4.26 ಬಂದಿತು. ಹೊರಗೆ ಗಟ್ಟಿ, ಒಳಗೆ ಮೃದು ಎಂದರೆ ಒಲ್ಲೆನ್ನುವವರು ಯಾರು?

ಇದಕ್ಕಿಂತ ಹಳೆಯದಾದ ಆಕ್ಷೇಪವೊಂದು ರೋಮಿನ ಸಿಸೆರೋನದು. ಕ್ಯಾನೆಯ ಯುದ್ಧದಲ್ಲಿ ಒಂದೇ ದಿನ ಸತ್ತ ಸಹಸ್ರಾರು ಸೈನಿಕರೆಲ್ಲರ ನಕ್ಷತ್ರವೂ ಒಂದೇ ಆಗಿತ್ತೇ ಎಂದು ಅವನು ಕೇಳಿದನು. ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಮನೆಮಠ ಬಿಟ್ಟುಕೊಟ್ಟ ಹಗರಿಬೊಮ್ಮನಹಳ್ಳಿ ಸೀಮೆಯ ಊರುಗಳ ಬಗ್ಗೆಯೂ ಇದೇ ಪ್ರಶ್ನೆ ಏಳುತ್ತದೆ. ಇಪ್ಪತ್ತೇಳೂ ನಕ್ಷತ್ರಗಳಲ್ಲಿ ಹುಟ್ಟಿದವರು ಒಟ್ಟಿಗೆ ಎತ್ತಂಗಡಿಯಾದರು. ವರಾಹಮಿಹಿರನ ವಿಂಗಡಣೆಯಂತೆ ಜ್ಯೋತಿಷವು ಗಣಿತ, ಹೋರಾ, ಸಂಹಿತಾ ಎಂಬ ಮೂರು ಸ್ಕಂಧಗಳುಳ್ಳದ್ದು. ವ್ಯಕ್ತಿಯ ಫಲ ಹೋರೆಯದು, ದೇಶದ ಫಲ ಸಂಹಿತೆಯದು, ದೇಶದ ಫಲವೇ ಬಲವತ್ತರ ಎಂದು ಶಾಸ್ತ್ರಜ್ಞರು ಉತ್ತರ ಕೊಡಬಹುದು. ಉತ್ತರ ಜಾಣತನದ್ದೇ, ಆದರೆ ಅದನ್ನು ಒಪ್ಪಿದೊಡನೆ ವ್ಯಕ್ತಿಯ ಕುಂಡಲಿ ವ್ಯಕ್ತಿಯ ಬಾಳನ್ನು ನಿರ್ಧರಿಸುತ್ತದೆಂಬ ಮೂಲಪ್ರತಿಜ್ಞೆ ಸಡಿಲಾಗುತ್ತದೆ.

ಮೈಲಾರದ ಕಾರಣಿಕವು ಈ ಬಗೆಯ ಭವಿಷ್ಯವಾಣಿಗಿಂತ ತೀರ ಬೇರೆಯಾದದ್ದು. ತುಂಗಭದ್ರೆಯ ದಡದ ಈ ಕ್ಷೇತ್ರದಲ್ಲಿ, ಮಣಿಮಲ್ಲಾಸುರರನ್ನು ಕೊಂದ ಶಿವನ ರೂಪವೆಂದು ನಂಬಲಾದ ಮೈಲಾರಲಿಂಗನ ಜಾತ್ರೆ ಭರತ ಹುಣ್ಣಿಮೆಯ ಸಂದರ್ಭದಲ್ಲಿ ನಡೆಯುತ್ತದೆ. ವ್ರತಸ್ಥನಾಗಿ ಉಪವಾಸವಿದ್ದ ಗೊರವಯ್ಯನು, ಅಂದರೆ ಮೈಲಾರಲಿಂಗನ ದೀಕ್ಷೆ ಪಡೆದ ಭಕ್ತನು, ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗುತ್ತಲೇ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ‘ಪರಾಕ್’ ಎಂದು ಮುಗಿಯುವ ಒಂದೇ ಒಂದು ವಾಕ್ಯವನ್ನು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯದಲ್ಲಿ ಯಾರ ಹೆಸರೂ ಇರುವುದಿಲ್ಲ, ತಾರೀಖು ಇರುವುದಿಲ್ಲ. ಮಳೆ, ಬೆಳೆ, ರಾಜಕಾರಣ ಎಂದು ಅದನ್ನು ಬಿಡಿಸುವವರು ಕೇಳಿದ ಜನ. ಯಾವ ನಾಯಕನಿಗೆ ಕಾಲ ಬಂತು, ಯಾರ ಕುರ್ಚಿ ಅಲುಗಿತು ಎಂಬ ಹೆಸರುಗಳನ್ನು ಸೇರಿಸುವವರೂ ಅವರೇ. ಒಂದೇ ನುಡಿಯನ್ನು ಎರಡು ಪಕ್ಷದವರು ಎರಡು ಬಗೆಯಾಗಿ ಬಿಡಿಸುವುದು ಪ್ರತಿವರ್ಷದ ಸಂಗತಿ.

ಭವಿಷ್ಯಜ್ಞಾನವೆಂದು ನೋಡಿದರೆ ಕಾರಣಿಕಕ್ಕೂ ಕುಂಡಲಿಗೆ ಹಾಕಿದ ತಕ್ಕಡಿಯೇ ಅನ್ವಯಿಸುತ್ತದೆ. ಅಲ್ಲಿ ರಿಯಾಯಿತಿ ಕೊಡಲು ಕಾರಣವಿಲ್ಲ. ಆದರೆ ಒಂದು ವ್ಯತ್ಯಾಸ ದೊಡ್ಡದು. ಕಾರಣಿಕದಲ್ಲಿ ಅರ್ಥ ಕೊಡುವ ಕೆಲಸ ಬಹಿರಂಗವಾಗಿ, ಎಲ್ಲರ ಎದುರಿಗೆ ನಡೆಯುತ್ತದೆ, ಅದು ಜನರದೇ ಎಂಬುದು ಯಾರಿಗೂ ಮರೆಯಲ್ಲ; ಆಳುವವರ ಬಗ್ಗೆ ತಮಗಿರುವ ಅಸಮಾಧಾನವನ್ನೂ ಆಸೆಯನ್ನೂ ಕುರುಬರು, ರೈತರು, ಕೂಲಿಕಾರರು ದೇವರ ಮಾತಿನ ಆಶ್ರಯದಲ್ಲಿ ಆಡಿಕೊಳ್ಳುವ ವೇದಿಕೆ ಅದು. ನಾಯಕರ ಜಾತಕಫಲದಲ್ಲಿಯೂ ನಡೆಯುವುದು ಲೋಕಾಭಿಪ್ರಾಯದ ನಿರೂಪಣೆಯೇ. ಆದರೆ ಅಲ್ಲಿ ಅದನ್ನು ಗ್ರಹಗಳ ಬಾಯಲ್ಲಿ ಆಡಿಸಿ, ಅಭಿಪ್ರಾಯವನ್ನು ನಿರ್ಣಯವನ್ನಾಗಿ ಮಾಡಲಾಗುತ್ತದೆ. ಕೆಟ್ಟ ಆಡಳಿತ ನಡೆಸಿದವನಿಗೆ ‘ದೆಸೆ ಸರಿಯಿರಲಿಲ್ಲ’ ಎಂಬ ಕ್ಷಮೆ, ದುಡಿದವನಿಗೆ ‘ಯೋಗವಿತ್ತು’ ಎಂಬ ಅರ್ಧ ಮೆಚ್ಚುಗೆ: ಎರಡೂ ಹೊಣೆಯನ್ನು ಮನುಷ್ಯನಿಂದ ಕಿತ್ತುಕೊಳ್ಳುತ್ತವೆ.

ಹೊಣೆಯ ಪ್ರಶ್ನೆಯನ್ನು ಹಿಂದಿನವರು ಕಡೆಗಣಿಸಿರಲಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯು ದೈವ ಮತ್ತು ಪುರುಷಕಾರ, ಎಂದರೆ ಮಾನವ ಪ್ರಯತ್ನ, ಇವೆರಡನ್ನು ರಥದ ಗಾಲಿಗಳಿಗೆ ಹೋಲಿಸಿ, ಒಂದೇ ಗಾಲಿಯಿಂದ ರಥ ಸಾಗದೆಂದು ಹೇಳುತ್ತದೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ಇನ್ನೂ ಮುಂದೆ ಹೋಗಿ ಲಗ್ನ, ತಾರಾಬಲಗಳ ವಿಚಾರಣೆಯನ್ನೇ ಅನಗತ್ಯವೆಂದು ಕಂಡರು. ಶರಣನ ಬೆಲೆ ಅವನ ನಡೆಯಲ್ಲಿದೆಯೆಂಬುದು ಅವರ ನಿಲುವು. ಈ ಭಾಗದ ಆಚರಣೆಯಲ್ಲಿಯೂ ನಕ್ಷತ್ರದ ಅರ್ಥ ಕಲ್ಲಿನಲ್ಲಿ ಕೊರೆದದ್ದಲ್ಲ. ಹೆಣ್ಣಿನ ಜಾತಕದಲ್ಲಿ ಮೂಲಾ ನಕ್ಷತ್ರವೆಂದರೆ ಸಂಬಂಧ ಮುರಿಯುವಷ್ಟು ಭಯವಿರುವ ಸಮಾಜದಲ್ಲಿಯೇ ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರು ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ಕೂಡಿದಾಗ ಹೊರಡುತ್ತದೆ; ಗುರುವಿಗೆ ಶುಭವಾದದ್ದು ಸೊಸೆಗೆ ಅಶುಭವಾಗುವುದು ಹೇಗೆ ಎಂದು ಮದುವೆಯ ಮಾತುಕತೆಯಲ್ಲಿ ಯಾರೂ ಕೇಳುವುದಿಲ್ಲ. 2017ರ ಫೆಬ್ರವರಿ 21ರಂದು ಅದೇ ನಕ್ಷತ್ರದಲ್ಲಿ ಹೊರಟ ತೇರು ಉರುಳಿ ಬಿದ್ದಿತು. ಕಾರಣವನ್ನು ಅಚ್ಚು ಗಾಲಿಗಳಲ್ಲಿ ಹುಡುಕಬೇಕೆಂದು ಭಕ್ತರಿಗೂ ಗೊತ್ತಿತ್ತು.

ಪ್ರಕಾಶರ 2008ರ ಸೋಲಿಗೂ ಅಚ್ಚು ಗಾಲಿಗಳಂಥ ಕಾರಣಗಳಿವೆ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದುದರಿಂದ ಅವರು ತಮ್ಮ ನೆಲವನ್ನು ಬಿಟ್ಟು ಹರಪನಹಳ್ಳಿಗೆ ಹೋಗಬೇಕಾಯಿತು. ಪಕ್ಷ ಹೊಸದು, ಕ್ಷೇತ್ರ ಹೊಸದು. ಅಂದಿನ ಬಳ್ಳಾರಿಯ ರಾಜಕಾರಣವನ್ನು ಆಳುತ್ತಿದ್ದುದು ಶನಿಗಿಂತ ಹೆಚ್ಚಾಗಿ ಕಬ್ಬಿಣದ ಅದಿರು. ಗೆದ್ದವರು ಬಿಜೆಪಿಯ ಜಿ. ಕರುಣಾಕರ ರೆಡ್ಡಿ. ಆ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಲ್ಲಿ ಗೆದ್ದುಬಂದವರ ನಡುವೆಯೂ ಕನ್ಯಾರಾಶಿಯವರು ಇದ್ದೇ ಇದ್ದಿರಬೇಕು, ಅವರಿಗೂ ಅಂದು ಸಾಡೇಸಾತಿಯೇ ನಡೆಯುತ್ತಿತ್ತು.