ತಿತಿಕ್ಷೆ ಮತ್ತು ಮುಲಾಮು

ಪ್ರಾಣಕ್ಕೆ ಅಪಾಯ ತರದಿದ್ದರೂ ಋತು ತಿರುಗಿದಾಗಲೆಲ್ಲ ಮರಳಿ ಬಂದು ನಿದ್ದೆ ನೆಮ್ಮದಿಗಳನ್ನು ಕೆಡಿಸುವ ಬೇನೆಯನ್ನು ಮನುಷ್ಯನು ಸಹಿಸಿಕೊಳ್ಳಬೇಕೆ ಅಥವಾ ನಿವಾರಿಸಿಕೊಳ್ಳಬೇಕೆ ಎಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಎಷ್ಟು ಸೇರಿದ್ದೋ ಕರ್ಮ, ಪುರುಷಪ್ರಯತ್ನ ಮತ್ತು ದೇಹಗಳ ಕುರಿತ ಧಾರ್ಮಿಕ ವಿಚಾರಕ್ಕೂ ಅಷ್ಟೇ ಸೇರಿದ್ದು. ಕನ್ನಡದಲ್ಲಿ ಇಸಬು ಎನ್ನುವ ಎಕ್ಸಿಮಾ ಇಂಥ ಬೇನೆಗಳಲ್ಲೊಂದು. ಚರ್ಮದ ಹೊರಪದರವು ತನ್ನ ಪಸೆಯನ್ನು ಹಿಡಿದಿಟ್ಟುಕೊಳ್ಳಲಾರದೆ ಒಣಗಿ ಬಿರಿದು, ಬೆವರು, ಧೂಳು, ಸಾಬೂನುಗಳು ತಾಗಿದೊಡನೆ ಕೆಂಪೇರಿ ನವೆ ಏಳುವುದು ಇದರ ಸ್ವರೂಪ. ಈ ಪದರವನ್ನು ಕಟ್ಟಲು ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ಹುಟ್ಟಿನಿಂದಲೇ ಇರುವ ಕೊರತೆಗೂ ಈ ಬೇನೆಗೂ ಇರುವ ನಂಟನ್ನು 2006ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ಆದರೆ ಎಲ್ಲ ರೋಗಿಗಳಲ್ಲೂ ಆ ಕೊರತೆ ಕಂಡುಬರುವುದಿಲ್ಲ.

ಚೆನ್ನೈಯಲ್ಲಿ ಈ ಬೇನೆಯು ಅಲ್ಲಿನ ಋತುಗಳನ್ನೇ ಹಿಂಬಾಲಿಸುತ್ತದೆ. ಮೇ ತಿಂಗಳ ಮೊದಲ ವಾರದಿಂದ ಕೊನೆಯ ವಾರದವರೆಗೆ ನಡೆಯುವ ಅಗ್ನಿನಕ್ಷತ್ರದ, ಅಂದರೆ ಆ ಊರಿನವರು ಕತ್ತರಿ ಎನ್ನುವ ಬಿಸಿಲಿನ ದಿನಗಳಲ್ಲಿ, ಕಡಲಿನ ತೇವದಿಂದಾಗಿ ಆರದೆ ಉಳಿಯುವ ಬೆವರು ಮೊಣಕೈ, ಮೊಣಕಾಲು, ಕತ್ತಿನ ಮಡಿಕೆಗಳಲ್ಲಿ ನವೆ ಹುಟ್ಟಿಸುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ ಒಣಗದ ಬಟ್ಟೆಯೂ ಹಾಸಿಗೆಯ ಧೂಳಿನ ಹುಳುಗಳೂ ಅದನ್ನು ಮತ್ತೆ ಕೆರಳಿಸುತ್ತವೆ.

ಇದೇ ಊರಿನ ತಿರುವಲ್ಲಿಕ್ಕೇಣಿಯಲ್ಲಿ, ತಮಿಳು ಶ್ರೀವೈಷ್ಣವರ ನೆರೆಯಲ್ಲಿ ಕನ್ನಡ ಮನೆಮಾತಿನ ಮಾಧ್ವ ಕುಟುಂಬಗಳೂ ತಲೆಮಾರುಗಳಿಂದ ಬಾಳಿರುವ ಬೀದಿಗಳ ನಡುವೆ, ಪಲ್ಲವರ ಕಾಲದಿಂದ ಬಂದಿರುವ ಪಾರ್ಥಸಾರಥಿ ದೇವಾಲಯವಿದೆ. ಅಲ್ಲಿನ ಉತ್ಸವಮೂರ್ತಿಯ ಮುಖದಲ್ಲಿ ಕಲೆಗಳಿದ್ದು, ಅವು ಕುರುಕ್ಷೇತ್ರದಲ್ಲಿ ಭೀಷ್ಮನ ಬಾಣಗಳು ತಾಗಿದ ಗುರುತುಗಳೆಂದು ಸಂಪ್ರದಾಯ ನಂಬುತ್ತದೆ. ಚರ್ಮದ ಮೇಲಿನ ಕಲೆಯನ್ನು ಅಶುಭವೆಂದು ಕಂಡು ಮುಖ ತಿರುಗಿಸುವ ಸಮಾಜವು ಕಲೆಗಳಿರುವ ಮುಖಕ್ಕೇ ಆರತಿ ಎತ್ತಿ ಕೈಮುಗಿಯುವುದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ಆ ದೇವರು ಗೀತೆಯನ್ನು ಬೋಧಿಸಿದ ಸಾರಥಿಯೇ ಆಗಿರುವುದರಿಂದ ಪ್ರಶ್ನೆಯನ್ನು ಗೀತೆಯಿಂದಲೇ ಆರಂಭಿಸುವುದು ಉಚಿತ. ಮೊದಲ ಅಧ್ಯಾಯದಲ್ಲಿ ಅರ್ಜುನನು ತನ್ನ ಸಂಕಟವನ್ನು ತೋಡಿಕೊಳ್ಳುವಾಗ ಬಾಯಿ ಒಣಗುವುದು, ಮೈ ನಡುಗುವುದು, ಗಾಂಡೀವ ಜಾರುವುದು ಇವುಗಳೊಂದಿಗೆ ಚರ್ಮ ಸುಡುತ್ತಿದೆ ಎಂದೂ ಹೇಳುತ್ತಾನೆ. ಎರಡನೆಯ ಅಧ್ಯಾಯದ ಹದಿನಾಲ್ಕನೆಯ ಶ್ಲೋಕದಲ್ಲಿ ಕೃಷ್ಣನು, ಇಂದ್ರಿಯಗಳಿಗೆ ವಿಷಯಗಳು ತಾಗುವುದರಿಂದ ಉಂಟಾಗುವ ಶೀತೋಷ್ಣಗಳೂ ಸುಖದುಃಖಗಳೂ ಬಂದುಹೋಗುವಂಥವು, ಆದ್ದರಿಂದ ಅವನ್ನು ಸಹಿಸು ಎನ್ನುತ್ತಾನೆ. ಈ ಸಹನೆಗೆ ತಿತಿಕ್ಷೆ ಎಂದು ಹೆಸರು. ಶಂಕರರದೆಂದು ಹೇಳಲಾಗುವ ವಿವೇಕಚೂಡಾಮಣಿಯು ಇದಕ್ಕೆ ಇನ್ನೂ ಕಠಿಣವಾದ ಲಕ್ಷಣವನ್ನು ಹೇಳಿ, ಪ್ರತೀಕಾರವನ್ನು ಹುಡುಕದೆ, ಚಿಂತೆ ವಿಲಾಪಗಳಿಲ್ಲದೆ ಎಲ್ಲ ದುಃಖವನ್ನೂ ತಾಳಿಕೊಳ್ಳುವುದೇ ತಿತಿಕ್ಷೆ ಎಂದು ನಿರ್ಣಯಿಸುತ್ತದೆ. ಪ್ರತೀಕಾರವೆಂದರೆ ಪರಿಹಾರೋಪಾಯ, ಹಾಗಾದರೆ ನವೆಗೆ ಮುಲಾಮು ಹಚ್ಚುವವನು ತಿತಿಕ್ಷೆಯಿಂದ ಜಾರಿದವನೆ?

ಹಾಗೆ ತಿಳಿಯಲು ಗೀತೆಯೇ ಅವಕಾಶ ಕೊಡುವುದಿಲ್ಲ. ವಿವೇಕಚೂಡಾಮಣಿಯ ಲಕ್ಷಣವು ಮೋಕ್ಷವೊಂದನ್ನೇ ಬಯಸಿ ಎಲ್ಲವನ್ನೂ ಬಿಟ್ಟು ಹೊರಟ ಸಾಧಕನ ಶಿಸ್ತಿಗೆ ಸಂಬಂಧಿಸಿದ್ದು. ಗೀತೆಯ ಆರನೆಯ ಅಧ್ಯಾಯವಾದರೋ ಆಹಾರ, ವಿಹಾರ, ನಿದ್ರೆಗಳು ಹಿತಮಿತವಾಗಿರುವವನಿಗೇ ಯೋಗವು ದುಃಖವನ್ನು ಕಳೆಯುತ್ತದೆ ಎನ್ನುತ್ತದೆ. ಹದಿನೇಳನೆಯ ಅಧ್ಯಾಯವು ಶಾಸ್ತ್ರ ಹೇಳದ ಘೋರ ತಪಸ್ಸಿನಿಂದ ದೇಹವನ್ನು ಹಿಂಸಿಸುವವರು ಒಳಗಿರುವ ಭಗವಂತನನ್ನೇ ಹಿಂಸಿಸುತ್ತಾರೆಂದು ಖಂಡಿಸುತ್ತದೆ. ನವೆಯಿಂದ ರಾತ್ರಿಯಿಡೀ ಹೊರಳಾಡುವ ಮಗುವಿಗೆ ಔಷಧ ಕೊಡದಿರುವುದನ್ನು ಸಹನೆಯೆಂದು ಕರೆದರೆ, ಅದು ಈ ಖಂಡನೆಗೆ ಗುರಿಯಾಗುವ ನಡೆಯೇ ಆಗುತ್ತದೆ.

ಕರ್ಮದ ಮಾತು ಇದಕ್ಕಿಂತ ತೊಡಕಿನದು. ಚರಕಸಂಹಿತೆಯು ಚರ್ಮರೋಗಗಳನ್ನು ಕುಷ್ಠವೆಂಬ ಒಂದೇ ಹೆಸರಿನಡಿ ಹದಿನೆಂಟು ಬಗೆಯಾಗಿ ವಿಂಗಡಿಸಿ, ನವೆ, ಕಪ್ಪು ಗುಳ್ಳೆ, ಹೆಚ್ಚು ಸ್ರಾವ ಇರುವುದನ್ನು ವಿಚರ್ಚಿಕೆ ಎಂದು ಕರೆಯುತ್ತದೆ. ಇಸಬಿಗೆ ಬಹಳ ಹತ್ತಿರವಾದದ್ದು ಇದೇ. ಕಾರಣಗಳನ್ನು ಹೇಳುವಾಗ ಆ ಗ್ರಂಥವು ವಿರುದ್ಧಾಹಾರ, ಕ್ರಮ ತಪ್ಪಿದ ಶೀತೋಷ್ಣಸೇವನೆ, ಬಿಸಿಲಿನಲ್ಲಿ ಬಳಲಿದೊಡನೆ ತಣ್ಣೀರಿಗಿಳಿಯುವುದು ಇವುಗಳ ಸಾಲಿನಲ್ಲೇ ಗುರುನಿಂದೆಯನ್ನೂ ಪಾಪಕರ್ಮವನ್ನೂ ಸೇರಿಸಿದೆ. ಈ ಕೊನೆಯ ಮಾತು ಮಾಡಿರುವ ಕೇಡು ದೊಡ್ಡದು. ರೋಗಿಯ ಚರ್ಮವನ್ನು ಅವನ ಶೀಲದ ಸಾಕ್ಷಿಯಾಗಿ ಓದುವ ಅಭ್ಯಾಸಕ್ಕೆ ಅದು ಆಧಾರವಾಯಿತು. ಆದರೆ ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ ಆಯುಸ್ಸು ಮೊದಲೇ ನಿಶ್ಚಿತವೆ ಎಂದು ಶಿಷ್ಯನಾದ ಅಗ್ನಿವೇಶ ಕೇಳಿದಾಗ ಗುರುವಾದ ಆತ್ರೇಯನು, ಹಿಂದಿನ ಜನ್ಮದ ಕರ್ಮವಾದ ದೈವವೂ ಈ ಜನ್ಮದ ಕರ್ಮವಾದ ಪುರುಷಕಾರವೂ ಕೂಡಿಯೇ ಫಲ ಕೊಡುತ್ತವೆ, ಪ್ರಬಲವಾದ ಪುರುಷಕಾರವು ದುರ್ಬಲವಾದ ದೈವವನ್ನು ಮೀರುತ್ತದೆ, ಎಲ್ಲವೂ ನಿಶ್ಚಿತವಾಗಿದ್ದರೆ ಮಂತ್ರೌಷಧಗಳನ್ನು ಯಾರೂ ಬಯಸುತ್ತಿರಲಿಲ್ಲ ಎಂದು ಉತ್ತರಿಸುತ್ತಾನೆ. ಕರ್ಮಸಿದ್ಧಾಂತವನ್ನು ಒಪ್ಪುವವರಿಗೂ ಚಿಕಿತ್ಸೆ ಕರ್ತವ್ಯವಾಗುತ್ತದೆ ಎಂಬುದಕ್ಕೆ ಈ ಉತ್ತರವೇ ಸಾಕು.

ಹಾಗಾದರೆ ತಿತಿಕ್ಷೆಗೆ ಇಲ್ಲಿ ಎಡೆಯೇ ಇಲ್ಲವೆ? ಇದೆ, ಮತ್ತು ಅದರ ನಿಜವಾದ ಎಡೆಯನ್ನು ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನು ತೋರಿಸುತ್ತಾನೆ. ನರಸಿಂಹನನ್ನು ಸ್ತುತಿಸುತ್ತ ಅವನು ವಿಷಯಸುಖವನ್ನು ಕೈಯ ನವೆಯನ್ನು ತುರಿಸಿಕೊಳ್ಳುವ ಸುಖಕ್ಕೆ ಹೋಲಿಸಿ, ತುರಿಸಿದಷ್ಟೂ ದುಃಖವೇ ಬೆಳೆಯುವುದರಿಂದ ಧೀರನು ಆ ತುರಿಕೆಯನ್ನು ತಾಳಿಕೊಳ್ಳುತ್ತಾನೆ ಎನ್ನುತ್ತಾನೆ. ದೂರದ ಗ್ರೀಸಿನಲ್ಲಿ ಪ್ಲೇಟೋವಿನ ಗಾರ್ಜಿಯಸ್ ಸಂವಾದದಲ್ಲಿಯೂ, ಬಾಳಿಡೀ ತುರಿಸಿಕೊಳ್ಳುತ್ತ ಇರುವವನನ್ನು ಸುಖಿಯೆನ್ನಬಹುದೆ ಎಂದು ಸಾಕ್ರೆಟಿಸ್ ಕೇಳುತ್ತಾನೆ. ಇವರಿಗೆ ಉಪಮೆಯಾದದ್ದು ಇಸಬಿನ ರೋಗಿಗೆ ನಿತ್ಯದ ವಾಸ್ತವ: ತುರಿಸಿದಾಗ ಚರ್ಮದ ಪದರ ಇನ್ನಷ್ಟು ಹರಿದು, ಉರಿ ಹೆಚ್ಚಿ, ನವೆ ಇಮ್ಮಡಿಯಾಗಿ ಮರಳುತ್ತದೆ. ಆದ್ದರಿಂದ ಸಹಿಸಬೇಕಾದದ್ದು ತುರಿಸುವ ತುಡಿತವನ್ನು, ಪರಿಹರಿಸಬೇಕಾದದ್ದು ರೋಗವನ್ನು. ಈ ಎರಡಕ್ಕೂ ವಿರೋಧವಿಲ್ಲ. ನಿದ್ದೆಯಲ್ಲಿರುವವನಿಂದಲೂ ಹಸುಗೂಸಿನಿಂದಲೂ ಸಹನೆಯನ್ನು ನಿರೀಕ್ಷಿಸಲಾಗದ ಕಾರಣ, ಕತ್ತರಿಸಿದ ಉಗುರು, ಹತ್ತಿಯ ಬಟ್ಟೆ, ಸ್ನಾನವಾದೊಡನೆ ಹಚ್ಚುವ ತೇವಕಾರಕ ಮುಲಾಮು, ವೈದ್ಯರು ಹೇಳಿದ ಅವಧಿಗೆ ಹೇಳಿದಷ್ಟೇ ಬಳಸುವ ಸ್ಟೀರಾಯ್ಡ್ ಲೇಪ ಇವೆಲ್ಲ ಸಹನೆಯನ್ನು ಸಾಧ್ಯವಾಗಿಸುವ ಸಾಧನಗಳೇ ಆಗುತ್ತವೆ.

ಋತುವಿನ ವಿಷಯದಲ್ಲಿ ವಾಗ್ಭಟನ ಅಷ್ಟಾಂಗಹೃದಯವು ಉಪಯುಕ್ತವಾದ ಒಂದು ವಿಧಿಯನ್ನು ಕೊಟ್ಟಿದೆ. ಮುಗಿಯುವ ಋತುವಿನ ಕೊನೆಯ ಏಳು ದಿನ ಮತ್ತು ಬರುವ ಋತುವಿನ ಮೊದಲ ಏಳು ದಿನಗಳನ್ನು ಋತುಸಂಧಿಯೆಂದು ಕರೆದು, ಹಳೆಯ ಚರ್ಯೆಯನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕು, ಹಠಾತ್ತಾಗಿ ಬದಲಿಸಿದರೆ ರೋಗ ಬರುತ್ತದೆ ಎಂದು ಅದು ಎಚ್ಚರಿಸುತ್ತದೆ. ಚೆನ್ನೈಯ ಮನೆಗಳಲ್ಲಿ ಕತ್ತರಿ ಬಿಸಿಲಿಗೂ ಹಿಂಗಾರಿಗೂ ಮುಂಚಿನ ಎರಡು ವಾರಗಳಲ್ಲೇ ಚರ್ಮದ ಆರೈಕೆಯನ್ನು ಬಿಗಿಗೊಳಿಸಿ, ಚರ್ಮವೈದ್ಯರನ್ನು ಕಾಣುವುದು ಈ ವಿಧಿಗೆ ಒಪ್ಪುವ ನಡೆ. ಪಾರ್ಥಸಾರಥಿಗೆ ಹರಕೆ ಹೊರುವವರು ಅಗತ್ಯವಾಗಿ ಹೊರಲಿ. ಆದರೆ ಇಸಬು ಇರುವ ಮಗುವಿನ ಮುಂದೆ ಹಿಂದಿನ ಜನ್ಮದ ಪಾಪದ ಮಾತನ್ನು ಮನೆಯ ಹಿರಿಯರು ದಯವಿಟ್ಟು ಎತ್ತದಿರಲಿ.